ಕಮಲಾಪುರಕ್ಕ ಒಂದೇ ನಿಮಿಷ

ಆ ಕೆಂಪು ಸಾಲು ನೆನಪಾದ್ರ ಇವತ್ತಿಗೂ ನನ್ನ ತಲಿ ಬಿಸಿ ಆಗ್ತದ. ಎಷ್ಟು ವರ್ಷ ಆತು, ಸಿಟ್ಟು ಇನ್ನಾ ಆರಿಲ್ಲ. ಆರಬಾರದು ಅಂತನೇ ಬರೀಲಾಕತ್ತೀನಿ.

ಎರಡು ಸಾವಿರದ ಇಸವಿ ದಾಟಿದ ಮ್ಯಾಲೆ ನಮ್ಮ ಇಲಾಖೆಗೆ ಕಂಪ್ಯೂಟರ್ ಬಂದ್ವು. ಕಲಬುರಗಿ ಆಫೀಸಿನಾಗ ಅವುಗಳ ಉಸಾಬರಿ ನನ್ನದು. ಸುತ್ತಲಿನ ಊರಿನ ಸಣ್ಣ ಕಚೇರಿಗೋಳು ದಿನದ ಕೆಲಸ ಮುಗಿಸಿ, ಅದರ ಇನ್ನೊಂದು ಪ್ರತಿ ಫೋನ್ ಲೈನಿನ ಮ್ಯಾಲೆ ನಮ್ಮಲ್ಲಿದ್ದ ಸ್ಟೋರೇಜ್ ಪೆಟ್ಟಿಗೆಗೆ ಕಳಿಸಬೇಕು. ಅದಕ್ಕ ಬ್ಯಾಕಪ್ ಅಂತಿದ್ವಿ. ಅಲ್ಲಿನ ಮಷಿನ್ ಕೇಳ್ತದ, ಇಲ್ಲಿನ ಪೆಟ್ಟಿಗೆ ಹೂಂ ಅನ್ನಬೇಕು. ಒಂದು ನಿಮಿಷದಾಗ ಹೂಂ ಅನ್ನಲಿಲ್ಲಂದ್ರ ಕೆಲಸ ಅಲ್ಲಿಗೇ ಬಂದ್, ಬೆಂಗಳೂರಿನ ಪಟ್ಟಿಯಾಗ ಆ ಊರಿನ ಹೆಸರು ಕೆಂಪು. ಆ ಒಂದು ನಿಮಿಷಕ್ಕ ಟೈಮೌಟ್ ಅಂತ ಹೆಸರು. ಅದನ್ನ ಬದಲು ಮಾಡೂ ಅಧಿಕಾರ ಬೆಂಗಳೂರಿನವರ ಕೈಯಾಗಿತ್ತು.

ಕಮಲಾಪುರದ ಕಚೇರಿಯಾಗ ಆಪರೇಟರ್ ಅಂತ ಒಬ್ಬಾಕಿ ಹುಡುಗಿ ಇದ್ಲು. ಮನಿಯಾಗ ಉರ್ದು, ಆಫೀಸಿನಾಗ ಪಟಪಟ ಕನ್ನಡ. ಟೆಂಪೊ ಓಡಿಸ್ತಿದ್ದ ಅಪ್ಪ ಲಕ್ವಾ ಹೊಡದು ಹಾಸಿಗಿ ಹಿಡಿದಿದ್ದ. ಆಕಿ ಪಗಾರದ ಮ್ಯಾಲೆನೇ ಮನಿ. ಕೆಲಸ ಕಾಯಂ ಅಲ್ಲ. ಮೇ ತಿಂಗಳ ಕೊನಿಗೆ ನಮ್ಮ ಸಾಹೇಬರು ಸಹಿ ಹಾಕಿದ್ರ ಮುಂದಿನ ವರ್ಷ ಉಂಟು, ಇಲ್ಲಂದ್ರ ಇಲ್ಲ.

ಇನ್ನ ನಮ್ಮ ಬ್ಯಾಸಗಿ. ಏಪ್ರಿಲ್, ಮೇ ನಮ್ಮ ಕಡೆ ಕಚೇರಿ ಮುಂಜಾನೆ ಎಂಟಕ್ಕ ಚಾಲೂ, ಮಧ್ಯಾಹ್ನ ಒಂದೂವರಿಗೆ ಬಾಗಲಾ ಬಂದ್. ಉಳಿದ ತಿಂಗಳು ಒಬ್ಬೊಬ್ರು ಒಂದೊಂದು ಹೊತ್ತಿಗೆ ಬ್ಯಾಕಪ್ ಕಳಿಸ್ತಿದ್ರು. ಬ್ಯಾಸಗಿಯಾಗ ಎಲ್ಲಾರಿಗೂ ಮನಿ ಸೇರೂ ಅವಸರ, ಒಂದು ಗಂಟೆಗೆ ಎಲ್ಲಾರೂ ಒಮ್ಮೆಲೆ ಕಳಿಸೂದು. ಪೆಟ್ಟಿಗೆ ಒಂದೇ, ಎಷ್ಟು ಮಂದಿಗೆ ಹೂಂ ಅಂದೀತು? ಕಮಲಾಪುರದ ಲೈನ್ ಮಹಾಗಾಂವ ದಾಟಿ ಬರೂದು, ಎಲ್ಲಾಕಿಂತ ನಿಧಾನ. ಅದರ ಪಾಳಿ ಬರೂದ್ರಾಗ ನಿಮಿಷ ಮುಗಿದಿರ್ತಿತ್ತು. ಏಪ್ರಿಲ್ ತುಂಬಾ ಕಮಲಾಪುರ ಕೆಂಪು.

ಬೆಂಗಳೂರಿನ ಎಂಜಿನಿಯರಿಗೆ ಫೋನ್ ಹಚ್ಚಿದೆ.

"ಮಧ್ಯಾಹ್ನ ಯಾಕೆ ಕಳಿಸ್ತೀರಾ ಮೇಡಂ? ಸಂಜೆ ಕಳಿಸಿ" ಅಂದ.

"ಸಂಜಿಗೆ ಕಚೇರಿ ಇರಂಗಿಲ್ರೀ, ಬಿಸಿಲು" ಅಂತ ತಿಳಿಸಿ ಹೇಳಿದೆ. ನಕ್ಕ. ನಕ್ಕನ್ರೀ ಪುಣ್ಯಾತ್ಮ! "ಇಡೀ ರಾಜ್ಯಕ್ಕೆ ಒಂದೇ ಸೆಟ್ಟಿಂಗ್ ಮೇಡಂ. ನಿಮ್ಮ ಸಾಹೇಬರು ಹೇಳಿದ್ರೆ ನೋಡೋಣ." ಅವನ್ನ ಮೇ ತಿಂಗಳ ಮಧ್ಯಾಹ್ನ ನಮ್ಮ ಬಸ್ ಸ್ಟ್ಯಾಂಡಿನಾಗ ಬರಿಗಾಲಲೆ ನಿಲ್ಲಿಸಬೇಕಿತ್ತು.

ಸಾಹೇಬರ ಮುಂದ ಹೋದೆ. "ಸರ್, ಲೈನ್ ನಿಧಾನ ಅದ, ಹುಡುಗಿ ತಪ್ಪಿಲ್ಲ. ಟೈಮೌಟ್ ಸ್ವಲ್ಪ ಹೆಚ್ಚಿಗಿ ಮಾಡ್ರಿ ಅಂತ ಒಂದು ಫೋನ್ ಮಾಡ್ರಿ, ಸಾಕು."

"ಉಳಿದ ಊರೆಲ್ಲಾ ಹಸಿರು ಅದಾವಲ್ಲ? ಆಕಿಗೇ ಕೆಲಸ ಬರಂಗಿಲ್ಲ ತಗೋರಿ. ನೀವ್ಯಾಕ್ರೀ ಆಕಿ ವಕೀಲಿಕಿ ಮಾಡ್ಲಾಕತ್ತೀರಿ?"

ಬರದು ಕೊಟ್ಟೆ. ಮೀಟಿಂಗಿನಾಗ ಎದ್ದು ನಿಂತು ಒದರಿದೆ. ಬಡವನ ಸಿಟ್ಟು ದವಡಿಗೆ ಮೂಲ ಅಂತಾರಲ್ಲ, ನನಗ ಒಂದು ನೋಟಿಸ್ ಬಂತು. ಆಕಿಗೆ ಸಹಿ ಬೀಳಲಿಲ್ಲ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೂ ಮಂದಿ!

ಜೂನದಾಗ ಸಾಹೇಬರ ಅಕ್ಕನ ಮಗ ಆ ಕುರ್ಚಿಗೆ ಬಂದ. ಕಚೇರಿ ಹೊತ್ತು ಮೊದಲಿನಂಗಾತು, ಬ್ಯಾಕಪ್ ಬ್ಯಾರೆಬ್ಯಾರೆ ಹೊತ್ತಿಗೆ ಬಂದ್ವು, ಕಮಲಾಪುರ ಹಸಿರಾತು. ಸಾಹೇಬರು ಆ ಪಟ್ಟಿ ತಂದು ನನ್ನ ಟೇಬಲ್ ಮ್ಯಾಲೆ ಒಗದ್ರು.

"ನೋಡ್ರಿ, ಮನುಷ್ಯಾ ಬದಲಾದ, ಎಲ್ಲಾ ಸರಿ ಆತು."

ಪೇಪರ್‌ವೇಟ್ ನನ್ನ ಕೈಯಾಗಿತ್ತು. ಹೆಂಗ ಕೆಳಗಿಟ್ಟೆನೋ ದೇವರಿಗೇ ಗೊತ್ತು.

ಮತ್ತ ಏಪ್ರಿಲ್ ಬಂತು, ಮತ್ತ ಕಮಲಾಪುರ ಕೆಂಪಾತು. ಒಂದು ವಾರ ಸುದ್ದಾ ಆಗಿರಲಿಲ್ಲ, ಸಾಹೇಬರು ನನ್ನೆದುರಿಗೇ ಬೆಂಗಳೂರಿಗೆ ಫೋನ್ ಹಚ್ಚಿದ್ರು. "ಪಾಪ, ಹುಡುಗನ ತಪ್ಪಿಲ್ರೀ. ಲೈನ್ ನಿಧಾನ ಅದ. ಟೈಮೌಟ್ ಸ್ವಲ್ಪ ಹೆಚ್ಚಿಗಿ ಮಾಡ್ರಿ." ನನ್ನವೇ ಮಾತು! ಅವರ ಚಾ ಆರೂದ್ರಾಗ ಒಂದು ನಿಮಿಷ ಇದ್ದದ್ದನ್ನ ಹತ್ತು ನಿಮಿಷ ಮಾಡಿದ್ರು. ಅವತ್ತೇ ಕಮಲಾಪುರ ಹಸಿರು.

ನನಗ ತಡಕೊಳ್ಳಾಕ ಆಗಲಿಲ್ಲ. ಕಚೇರಿ ಬಿಟ್ಟಕೂಡ್ಲೆ ಕಮಲಾಪುರದ ಬಸ್ ಹತ್ತಿದೆ. ಆಕಿ ಒಂದು ಕಿರಾಣಿ ಅಂಗಡಿ ಹಿಂದಿನ ಖೋಲಿಯಾಗ ಕುಂತು ಬ್ಯಾಳಿ ಹಸನ ಮಾಡ್ಲಾಕತ್ತಿದ್ಲು. ನಿಂತ ನಿಲುವಿನ್ಯಾಗ ಎಲ್ಲಾ ಹೇಳಿದೆ: ಒಂದೇ ಫೋನಿಗೆ ಸರಿ ಆತು, ತಪ್ಪು ಲೈನಿಂದು ಅಂತ ಸಾಹೇಬರು ತಮ್ಮ ಬಾಯಿಲೆ ಅಂದ್ರು, ನಿಂದು ತಪ್ಪಿರಲಿಲ್ಲವ್ವಾ ಅಂತ. ಆಕಿಗೆ ಸಮಾಧಾನ ಆದೀತು ಅನ್ಕೊಂಡಿದ್ದೆ.

ಆಕಿ ಮೊರ ಕೆಳಗಿಟ್ಟು ನನ್ನ ಮಾರಿ ನೋಡಿದ್ಲು.

"ಅಕ್ಕಾರ, ನನ್ನ ತಪ್ಪಿಲ್ಲಂತ ನನಗ ಹ್ವಾದ ವರ್ಷನೇ ಗೊತ್ತಿತ್ತು. ಊರಾಗೆಲ್ಲಾ ನಾ ಕೆಲಸ ಬರಲಾರದಾಕಿ ಅಂತ ಹೆಸರಾಗ್ಯದ. ಅದನ್ನ ತೆಗಿಯಾಕ ಯಾರಿಗೆ ಫೋನ್ ಹಚ್ತೀರಿ, ಹೇಳ್ರಿ?"