ಸೂಜಿ ಚುಚ್ಚಿದ ಜಾಗ

ತಿಪಟೂರು ಸೀಮೆಯಲ್ಲಿ ನನಗೆ ಹೆಸರು ತಂದುಕೊಟ್ಟ ಕಾರೊಂದಿದೆ. ಅದರ ದೋಷವನ್ನು ಹುಡುಕಿದವನು ನಾನು. ಆ ದೋಷವನ್ನು ಮಾಡಿದವನೂ ನಾನೇ. ಹುಡುಕಿದ್ದನ್ನು ಎಲ್ಲರೆದುರು ಹೇಳಿಕೊಂಡೆ, ಮಾಡಿದ್ದರ ಬಗ್ಗೆ ಬಾಯಿಬಿಡಲಿಲ್ಲ. ಅದು ಈರಣ್ಣನೆಂಬ ಡ್ರೈವರನ ತಲೆಗೆ ಬಿತ್ತು. ಬೀಳುವುದನ್ನು ನೋಡುತ್ತ ನಿಂತಿದ್ದೆ, ಆಮೇಲೆ ಅಲ್ಲೇ ಕೂತು ಟೀ ಕುಡಿದು ಬಂದೆ.

ನಾನು ಆಟೋ ಎಲೆಕ್ಟ್ರಿಷಿಯನ್. ಊರವರ ಬಾಯಲ್ಲಿ ವೈರಿಂಗ್ ಸಾಬ್ರು. ಹಾಸನ ರಸ್ತೆಯ ಅಂಗಡಿ ನಮ್ಮ ತಂದೆ, ಅಬ್ಬಾನ ಕಾಲದ್ದು. ಲಾರಿ, ಟ್ರ್ಯಾಕ್ಟರ್, ಹಳೆಯ ಕಾರುಗಳ ಕೆಲಸವನ್ನು ಅವರಿಂದಲೇ ಕಲಿತೆ. ಅವರು ಬಿಟ್ಟುಹೋದ ಸಾಮಾನುಗಳಲ್ಲಿ ನನ್ನ ಕೈಗೆ ಹೆಚ್ಚು ಒಗ್ಗಿದ್ದು ಟೆಸ್ಟ್ ಲ್ಯಾಂಪ್. ಸ್ಕ್ರೂಡ್ರೈವರ್ ಹಾಗಿರುತ್ತದೆ, ಹಿಡಿಯೊಳಗೆ ಪುಟ್ಟ ಬಲ್ಬು, ತುದಿಯಲ್ಲಿ ಸೂಜಿ. ವೈರಿನ ಮೇಲಿನ ಪ್ಲಾಸ್ಟಿಕ್ಕಿಗೆ ಸೂಜಿ ಚುಚ್ಚಿದರೆ ಸಾಕು, ಕರೆಂಟ್ ಇದ್ದರೆ ಬಲ್ಬು ಹತ್ತುತ್ತದೆ. ಚುಚ್ಚಿದ ತೂತನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಹಳೆಯ ಗಾಡಿಗಳ ದಪ್ಪ ವೈರುಗಳು ಅದನ್ನೆಲ್ಲ ತಡೆದುಕೊಳ್ಳುತ್ತಿದ್ದವು.

ಎರಡು ಸಾವಿರದ ಆರೋ ಏಳೋ ಇಸವಿ. ಕೊಬ್ಬರಿ ಮಂಡಿಯ ರುದ್ರಪ್ಪನವರು ಹೊಸ ಡೀಸೆಲ್ ಕಾರು ತಂದಿದ್ದರು. ಅದರ ಡ್ರೈವರೇ ಈರಣ್ಣ. ಕಂದಿಕೆರೆ ಕಡೆಯ ಹಟ್ಟಿಯವನು, ಕುರಿ ಸಾಕುವ ಮನೆತನ. ಆ ಹಟ್ಟಿಯಲ್ಲಿ ಮೊದಲು ಸ್ಟೇರಿಂಗ್ ಹಿಡಿದವನು. ಬೆಳಿಗ್ಗೆ ಕಾರು ಒರೆಸುವಾಗ ಹಸುವಿನ ಮೈ ಸವರಿದ ಹಾಗೆ ಅದರ ಮೇಲೆ ಕೈಯಾಡಿಸುತ್ತಿದ್ದ. ನಾವು ನಗುತ್ತಿದ್ದೆವು. ‘ಹಾಲು ಎಷ್ಟು ಲೀಟರ್ ಕೊಡ್ತದಪ್ಪ?’ ಎಂದು ನಾನೇ ಎಷ್ಟೋ ಸಲ ಕಿಚಾಯಿಸಿದ್ದೇನೆ.

ಚಳಿಗಾಲದ ಮಂಜಿನಲ್ಲಿ ಕೆರೆ ಏರಿ ಮೇಲೆ ದಾರಿ ಕಾಣುವುದಿಲ್ಲವೆಂದು, ಕಾರಿಗೆ ಫಾಗ್ ಲ್ಯಾಂಪ್ ಹಾಕಿಸಲು ರುದ್ರಪ್ಪನವರು ಈರಣ್ಣನನ್ನು ನನ್ನ ಹತ್ತಿರ ಕಳಿಸಿದರು. ಮುಂದಿನ ಬಂಪರ್ ಬಿಚ್ಚಿದೆ. ದೀಪಕ್ಕೆ ಕರೆಂಟ್ ಎಲ್ಲಿಂದ ತೆಗೆಯಲಿ ಎಂದು ಎಡಗಡೆ ಚಕ್ರದ ಹತ್ತಿರದ ವೈರುಗಳಿಗೆ ಒಂದಾದಮೇಲೊಂದು ಸೂಜಿ ಚುಚ್ಚುತ್ತ ಹೋದೆ. ಅಲ್ಲಿ ಜಡೆಯ ಹಾಗೆ ಒಂದಕ್ಕೊಂದು ಸುತ್ತಿಕೊಂಡ ಎರಡು ತೆಳ್ಳನೆಯ ವೈರುಗಳಿದ್ದವು. ಒಂದಕ್ಕೆ ಚುಚ್ಚಿದೆ, ಬಲ್ಬು ಹತ್ತಲಿಲ್ಲ. ಇನ್ನೊಂದಕ್ಕೆ ಚುಚ್ಚಿದೆ, ಅದೂ ಇಲ್ಲ. ಯಾವುದೋ ಕೆಲಸಕ್ಕೆ ಬಾರದ್ದು ಎಂದುಕೊಂಡು ಪಕ್ಕಕ್ಕೆ ಸರಿದೆ. ತೂತುಗಳ ಮೇಲೆ ಒಂದು ಸುತ್ತು ಟೇಪ್ — ಅದನ್ನೂ ಹಾಕಲಿಲ್ಲ. ಈರಣ್ಣ ಆಗ ಅಲ್ಲಿರಲಿಲ್ಲ. ನನಗೇ ಟೀ ತರಲು ಎದುರಿನ ಅಂಗಡಿಗೆ ಹೋಗಿದ್ದ.

ಆ ಎರಡು ವೈರುಗಳೇನೆಂದು ನನಗೆ ತಿಳಿದದ್ದು ಆಮೇಲೆ. ಈ ಕಾರುಗಳಲ್ಲಿ ಇಂಜಿನ್ನಿಗೊಂದು, ಬ್ರೇಕಿಗೊಂದು, ಮೀಟರಿಗೊಂದು ಕಂಪ್ಯೂಟರ್ ಪೆಟ್ಟಿಗೆ ಇರುತ್ತದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಬ್ರೇಕಿನ ಪೆಟ್ಟಿಗೆ ಮಿಕ್ಕವುಗಳಿಗೆ ಹೇಳಬೇಕು. ಅದನ್ನು ಕೇಳಿಸಿಕೊಂಡೇ ಮೀಟರಿನ ಮುಳ್ಳು ಏಳಬೇಕು. ಬೀಗದ ಕೈ ಇದೇ ಕಾರಿನದು ಎಂದು ಮೀಟರ್ ಹೇಳಿದರೇನೇ ಇಂಜಿನ್ ಸ್ಟಾರ್ಟ್ ಆಗಬೇಕು. ಈ ಮಾತೆಲ್ಲ ಹೋಗಿಬರುವುದು ಆ ಹೆಣೆದ ಜೋಡಿ ವೈರಿನಲ್ಲಿ. ಟೆಸ್ಟ್ ಲ್ಯಾಂಪ್ ಹತ್ತಿಸುವಷ್ಟು ಶಕ್ತಿ ಅದರಲ್ಲಿ ಇರುವುದಿಲ್ಲ.

ಮಳೆಗಾಲ ಬಂತು. ಚಕ್ರ ಎರಚಿದ ನೀರು ನನ್ನ ತೂತಿನೊಳಗೆ ಇಳಿಯಿತು. ಹುಳಿಯಾರು ದಾರಿಯಲ್ಲಿ ಹೋಗುತ್ತಿದ್ದ ಹಾಗೇ ಮೀಟರಿನ ಮುಳ್ಳು ದಡಕ್ಕನೆ ಸೊನ್ನೆಗೆ ಬೀಳುವುದು, ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಳ್ಳುವುದು. ಗಾಡಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಬಿಸಿಲು ಬಿದ್ದ ಮೇಲೆ ಏನೂ ಆಗೇ ಇಲ್ಲವೆಂಬಂತೆ ಓಡುತ್ತಿತ್ತು. ಶೋರೂಮಿನವರು ತಮ್ಮ ಯಂತ್ರ ಹಾಕಿ ನೋಡಿ ಮೀಟರನ್ನೇ ಬದಲಾಯಿಸಿದರು. ಎರಡು ಮಳೆ ಕಳೆಯಿತು, ಮತ್ತದೇ ಕಥೆ.

ಆಗ ಮಂಡಿಯಲ್ಲಿ ಗುಸುಗುಸು ಶುರುವಾಯಿತು. ಹಳೆಯ ಕಾರುಗಳಲ್ಲಿ ಮೀಟರಿಗೊಂದು ಕೇಬಲ್ ಇರುತ್ತಿತ್ತು. ಕೆಲವು ಡ್ರೈವರುಗಳು ಅದನ್ನು ಬಿಚ್ಚಿಟ್ಟು, ಯಜಮಾನರಿಗೆ ತಿಳಿಯದ ಹಾಗೆ ಬಾಡಿಗೆ ಹೊಡೆಯುತ್ತಿದ್ದರು. ಮೀಟರ್ ಓಡದಿದ್ದರೆ ಲೆಕ್ಕವೂ ಇಲ್ಲ. ಈ ಕಾರಿನಲ್ಲೂ ಮುಳ್ಳು ಬೀಳುತ್ತಿದೆ, ಬಿದ್ದಾಗಲೆಲ್ಲ ಗಾಡಿಯಲ್ಲಿ ಇರುವವನು ಈರಣ್ಣ. ಇನ್ನೇನು ಬೇಕು ಜನಕ್ಕೆ?

ಒಂದು ಕೊಬ್ಬರಿ ಹರಾಜಿನ ದಿನ, ಬೆಳಿಗ್ಗೆ ಮಳೆ ನಿಂತ ಮೇಲೆ ಕಾರು ಮಂಡಿಯ ಅಂಗಳದಲ್ಲೇ ಸ್ಟಾರ್ಟ್ ಆಗದೆ ನಿಂತಿತು. ರುದ್ರಪ್ಪನವರು ನನಗೆ ಹೇಳಿಕಳಿಸಿದರು. ಅಷ್ಟರಲ್ಲಿ ನಾನು ಬೆಂಗಳೂರಿಗೆ ಹೋಗಿ ಹೊಸ ಕಾರುಗಳ ವೈರಿಂಗ್ ಬಗ್ಗೆ ಒಂದು ಚಿಕ್ಕ ತರಬೇತಿ ಮುಗಿಸಿ ಬಂದಿದ್ದೆ. ಕಲಿತದ್ದನ್ನು ತೋರಿಸುವ ಹುರುಪು — ಸುಳ್ಳೇಕೆ ಹೇಳಲಿ, ಅಲ್ಲಿದ್ದವರೆಲ್ಲ ನೋಡಲಿ ಎಂಬ ಆಸೆಯೂ ಇತ್ತು. ಕೊಬ್ಬರಿ ಆರಿಸುತ್ತಿದ್ದ ಹೆಂಗಸರು, ಪಕ್ಕದ ಮಂಡಿಯವರು, ತುರುವೇಕೆರೆ ಕಡೆಯಿಂದ ಮಾಲು ತಂದ ರೈತರು, ಎಲ್ಲರೂ ಸುತ್ತ ನೆರೆದಿದ್ದರು.

ಬ್ಯಾಟರಿ ಬಿಚ್ಚಿ, ಆ ಜೋಡಿ ವೈರಿನ ನಡುವೆ ಮಲ್ಟಿಮೀಟರ್ ಇಟ್ಟೆ. ವೈರು ಸರಿಯಿದ್ದರೆ ಅರವತ್ತು ಓಮ್ ತೋರಿಸಬೇಕು. ತೋರಿಸಿತು. ಮುಂದಿನ ವೈರಿನ ಕಟ್ಟನ್ನು ಅಲುಗಿಸಿದೆ, ಅಂಕಿ ನೂರಿಪ್ಪತ್ತಕ್ಕೆ ಹಾರಿತು. ಅಂದರೆ ವೈರು ನಡುವೆ ಎಲ್ಲೋ ಒಳಗೊಳಗೇ ತುಂಡಾಗುತ್ತಿದೆ, ಪೆಟ್ಟಿಗೆಗಳ ತಪ್ಪಿಲ್ಲ. ಡ್ಯಾಶ್‌ಬೋರ್ಡಿನ ಕಡೆಯಿಂದ ಕೈಯಾಡಿಸುತ್ತ ಬಂದೆ, ಎಡ ಚಕ್ರದ ಹತ್ತಿರ ಮುಟ್ಟಿದಾಗ ಅಂಕಿ ಕುಣಿಯಿತು. ಕಟ್ಟು ಬಿಡಿಸಿದೆ. ಎರಡೂ ವೈರುಗಳ ಮೇಲೆ ಸಾಸಿವೆಗಿಂತ ಸಣ್ಣ ಒಂದೊಂದು ತೂತು. ಒಂದರ ಒಳಗಿನ ತಾಮ್ರ ಹಸಿರಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಒಂದು ಗೇಣು ಆಚೆ ನಾನೇ ಸುತ್ತಿದ ಕೆಂಪು ಟೇಪ್ ಇತ್ತು, ಫಾಗ್ ಲ್ಯಾಂಪಿನದು.

ನೋಡಿದ ಕೂಡಲೇ ಗೊತ್ತಾಯಿತು. ಒಂದು ಕ್ಷಣವೂ ಅನುಮಾನ ಇರಲಿಲ್ಲ. ಇದನ್ನು ಬರೆದಿಡಬೇಕು, ಏಕೆಂದರೆ ಆಮೇಲೆ ನನಗೇ ನಾನು ಬೇರೆ ಬೇರೆ ಥರ ಹೇಳಿಕೊಂಡಿದ್ದೇನೆ.

ರುದ್ರಪ್ಪನವರು ಬಗ್ಗಿ ನೋಡಿ ಕೇಳಿದರು, “ಏನ್ ಸಾಬ್ರೆ, ಇದು ತಾನಾಗೇ ಆಗಿರಾದೋ, ಇಲ್ಲಾ ಯಾರಾದ್ರೂ ಕೈ ಆಡ್ಸಿರಾದೋ?”

“ತಾನಾಗೇ ಆಗಿಲ್ಲ ಯಜಮಾನ್ರೆ. ಯಾರೋ ಸೂಜಿ ಚುಚ್ಚವ್ರೆ.”

ಅಷ್ಟೇ ನಾನು ಹೇಳಿದ್ದು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಈರಣ್ಣನ ಹೆಸರು ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ. ಅಷ್ಟೂ ಜನರ ತಲೆ ಅವನ ಕಡೆ ತಿರುಗಿತು. ಅವನು ಎರಡು ಹೆಜ್ಜೆ ಮುಂದೆ ಬಂದ.

“ದ್ಯಾವ್ರಾಣೆ ನಾನ್ ಮುಟ್ಟಿಲ್ಲ ಯಜಮಾನ್ರೆ. ಸಾಬ್ರೆ, ವಸಿ ಸರ್ಯಾಗ್ ನೋಡಿ ಏಳಿ.”

ನಾನು ತಲೆಯೆತ್ತಲಿಲ್ಲ. ಹೊಸ ವೈರ್ ಜೋಡಿಸುತ್ತ, “ನೋಡೇ ಹೇಳ್ತಿರಾದು ಕಣಪ್ಪ” ಎಂದೆ.

“ಬೀಗದ ಕೈ ಇಲ್ಲಿಟ್ಟು ಹೋಗ್ಲಾ,” ಎಂದರು ರುದ್ರಪ್ಪನವರು. ಅವನು ಕೀ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಸೀಟಿನ ಮೇಲಿಟ್ಟು ಹೋದ. ಕಾರು ಸ್ಟಾರ್ಟ್ ಆಯಿತು. ಜನ ನನ್ನ ಬೆನ್ನು ತಟ್ಟಿದರು. ಟೀ ಬಂತು.

ಏಕೆ ಹಾಗೆ ಹೇಳಿದೆ? ನೀರು ಹೋಗಿದೆ ಎಂದಿದ್ದರೆ ಸಾಕಿತ್ತು. ಇಲಿ ಕಡಿದಿದೆ ಎಂದರೂ ನಂಬುತ್ತಿದ್ದರು. ಅದೂ ಸುಳ್ಳೇ, ಆದರೆ ಯಾರ ಅನ್ನಕ್ಕೂ ಕಲ್ಲು ಬೀಳುತ್ತಿರಲಿಲ್ಲ. ಆದರೆ ಇಲಿ ಕಡಿದದ್ದನ್ನು ಹುಡುಕಿದರೆ ಯಾರು ಬೆರಗಾಗುತ್ತಾರೆ? ಶೋರೂಮಿನವರಿಗೇ ಸಿಗದ ಕಳ್ಳ ಕೈಯನ್ನು ಹುಡುಕಿದೆ ಎಂಬುದು — ಅದು ಬೇಕಿತ್ತು ನನಗೆ. ಹೆದರಿಕೆಗೆ ಹೇಳಿದೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಹೆದರಿಕೆ ಇರಲಿಲ್ಲ. ಜಂಬ ಇತ್ತು.

ಆ ದಿನದಿಂದ ನನ್ನ ಅಂಗಡಿಯ ಮುಂದೆ ಕಾರುಗಳು ಸಾಲುಗಟ್ಟಿದವು. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಸಂಪಿಗೆ, ಅರಳಗುಪ್ಪೆ, ಎಲ್ಲಿ ಕಂಪ್ಯೂಟರ್ ಕಾರು ನಿಂತರೂ ನನಗೇ ಬುಲಾವ್. ಈರಣ್ಣನಿಗೂ ಹೊಸ ಹೆಸರು ಬಂತು: ಮೀಟರ್ ಈರಣ್ಣ. ಯಾರೂ ಅವನ ಕೈಗೆ ಕಾರು ಕೊಡಲಿಲ್ಲ. ಹುಳಿಯಾರಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಆ ಹೆಸರು ಹೇಳಿ ನಕ್ಕಾಗ ನಾನೂ ನಕ್ಕಿದ್ದೆ.

ವರ್ಷಗಳಾದ ಮೇಲೆ, ಹೋದ ತಿಂಗಳು, ಅವನು ನನ್ನ ಅಂಗಡಿಗೆ ಬಂದ. ತೆಂಗಿನ ಸಿಪ್ಪೆ ಸಾಗಿಸುವ ಟೆಂಪೋ ಓಡಿಸುತ್ತಿದ್ದಾನೆ, ಅದರ ಹೆಡ್‌ಲೈಟ್ ಉರಿಯುತ್ತಿರಲಿಲ್ಲ. ತಲೆ ನರೆತಿದೆ. ನಾನು ಬಾನೆಟ್ ಎತ್ತಿದ ಕೂಡಲೇ ಅವನು ರಸ್ತೆಯ ಅಂಚಿನವರೆಗೆ ಹಿಂದೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ನಾನೇನೂ ಮುಟ್ಟಿಲ್ಲ ಕಣ್ ಸಾಬ್ರೆ. ಫೀಜೂ ನೋಡಿಲ್ಲ. ಎಂಗಿತ್ತೋ ಅಂಗೇ ತಂದಿವ್ನಿ.”

ನಾನು ಕೇಳಿರಲೇ ಇಲ್ಲ. ಯಾರೂ ಕೇಳದಿದ್ದರೂ ಅವನು ಪ್ರತಿ ಸಲ, ಪ್ರತಿ ಗ್ಯಾರೇಜಿನಲ್ಲಿ ಹೀಗೇ ನಿಲ್ಲುತ್ತಾನೆ ಎಂದು ಅವನು ನಿಂತ ರೀತಿಯಲ್ಲೇ ತಿಳಿಯಿತು. ಹಸುವಿನ ಹಾಗೆ ಕಾರಿನ ಮೈ ಸವರುತ್ತಿದ್ದ ಕೈಗಳವು. ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, ಎಲ್ಲವನ್ನೂ ಹೇಳಿಬಿಟ್ಟೆ. ಫಾಗ್ ಲ್ಯಾಂಪು, ಸೂಜಿ, ಅವನು ಟೀ ತರಲು ಹೋದದ್ದು, ಕೆಂಪು ಟೇಪು. ಬೈಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೂ ಆಸೆಪಟ್ಟಿದ್ದೆ.

ಅವನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ, “ಇದ್ನ ನಂಗ್ಯಾಕ್ ಏಳ್ತೀರಿ ಸಾಬ್ರೆ?” ಎಂದ. “ನಾನ್ ಮಾಡಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲ.”

ರುದ್ರಪ್ಪನವರು ಇನ್ನೂ ಮಂಡಿಗೆ ಬಂದು ಕೂರುತ್ತಾರೆ, ಇಬ್ಬರೂ ಹೋಗೋಣ, ಅವರ ಮುಂದೆ ಹೇಳುತ್ತೇನೆ ಎಂದೆ. ಅವನು ಬೇಡವೆಂದು ತಲೆಯಾಡಿಸಿದ.

“ನಾನ್ ಬರಲ್ಲ. ಅಷ್ಟ್ ಜನದ್ ಮುಂದೆ ನಾನೊಂದ್ ಕಿತ ನಿಂತಾಗೈತೆ. ಈಗ ನೀವ್ ನಿಂತ್ಕಳಿ.”

ಹೆಡ್‌ಲೈಟ್ ಸರಿಮಾಡಿ ಕೊಟ್ಟೆ. ಅವನು ಹೋದ.

ಆಮೇಲೆ ಒಮ್ಮೆ ಮಂಡಿಗೆ ಹೋಗಿದ್ದೆ. ಹರಾಜಿಲ್ಲದ ದಿನ ನೋಡಿಕೊಂಡೇ ಹೋಗಿದ್ದೆ, ರುದ್ರಪ್ಪನವರು ಒಬ್ಬರೇ ಸಿಗಲಿ ಎಂದು. “ಬಾರಪ್ಪ, ಕೂತ್ಕೊ,” ಎಂದು ಪ್ರೀತಿಯಿಂದ ಕರೆದರು. ಕೂತೆ, ಮಾತಾಡಿದೆ, ಹೇಳದೆ ಎದ್ದು ಬಂದೆ. ಅದು ಇನ್ನೊಂದು ತಪ್ಪು, ಅದನ್ನೂ ಸೇರಿಸಿಕೊಳ್ಳಿ.

ಬರುವ ಹರಾಜಿನ ದಿನ ಹೋಗುತ್ತೇನೆ. ಅಂಗಳ ತುಂಬಿರುವ ಹೊತ್ತಿಗೆ ಹೋಗಿ, ಅವತ್ತು ಕಾರು ನಿಂತಿದ್ದ ಜಾಗದಲ್ಲಿ ನಿಂತು, ಆ ಸೂಜಿ ನನ್ನದು, ಚುಚ್ಚಿದ ಕೈ ನನ್ನದು ಎಂದು ಹೇಳುತ್ತೇನೆ. ಅಬ್ಬಾನ ಟೆಸ್ಟ್ ಲ್ಯಾಂಪನ್ನೂ ಜೊತೆಗೆ ಒಯ್ಯುತ್ತೇನೆ. ಅಷ್ಟೂ ಜನರ ತಲೆ ನನ್ನ ಕಡೆ ತಿರುಗಲಿ. ಆಗ ಯಾರಾದರೂ ‘ಸರಿಯಾಗಿ ನೋಡಿ ಹೇಳಿ ಸಾಬ್ರೆ’ ಎಂದರೆ, ಈ ಸಲ ತಲೆಯೆತ್ತಿ ಹೇಳುತ್ತೇನೆ.