ಅಜ್ಜಾರು ಎಬ್ಬಿಸಿದ ಬೆಳಗು

ದೆವ್ವ, ಪವಾಡ ಅಂದರೆ ನಗುತ್ತಿದ್ದವಳು ನಾನು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಅಂಜಲು ಕಲಿಸಿದ್ದು ಸ್ಪೆಲಿಂಗ್ ಮಿಸ್ಟೇಕುಗಳಿಗೆ ಮಾತ್ರ. ಆದರೂ ಎಪ್ಪತ್ತರ ದಶಕದ ಆ ಒಂದು ಬೆಳಗು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಕೆಲಸ ಸಿಗದಿದ್ದರೆ ಅಪ್ಪ ನೋಡಿಟ್ಟಿದ್ದ ಮೋರಟಗಿಯ ವರನಿಗೆ ಹೂಂ ಅನ್ನಬೇಕೆಂದು ಕರಾರಾಗಿತ್ತು. ಬಾಗೇವಾಡಿ ಮುಟ್ಟುವಷ್ಟರಲ್ಲಿ ಮುಂದಿನ ಬಸ್ಸು ಹೋಗಿತ್ತು. ಊರಾಚೆಯ ಹಳೆಯ ಮಠವೊಂದರಲ್ಲಿ ಉಳಿದೆ. ಮಠ ಹೊಸ ಕಟ್ಟಡಕ್ಕೆ ಹೋದಮೇಲೆ ಅದು ಗೆಸ್ಟ್‌ಹೌಸ್ ಆಗಿತ್ತು. ನೋಡಿಕೊಳ್ಳುತ್ತಿದ್ದ ಗಂಗವ್ವನಿಗೆ, ಬೆಳಗಿನ ಮೊದಲ ಬಸ್ಸಿಗೆ ಎಬ್ಬಿಸಬೇಕೆಂದು ಹೇಳಿದೆ.

"ನನ್ನ ನಿದ್ದಿ ಕಲ್ಲಿದ್ದಂಗ ಐತ್ರಿ ಅಕ್ಕಾರ. ಚಿಂತಿ ಬ್ಯಾಡ, ಅಜ್ಜಾರು ಎಬ್ಬಸ್ತಾರ," ಅಂದಳು.

ಆಕೆಯ ಮನೆಯಲ್ಲಿ ಯಾರೋ ಮುದುಕರಿರಬೇಕೆಂದು ನಿಶ್ಚಿಂತೆಯಿಂದ ಮಲಗಿದೆ.

ನಸುಕಿನಲ್ಲಿ ಬಾಗಿಲು ತಟ್ಟಿದ ಸದ್ದು. "ಏಳವಾ, ಹೊತ್ತಾತು."

ಹೊದಿಕೆಯೊಳಗಿನಿಂದಲೇ, "ಅಜ್ಜಾ, ಬೆಡ್ ಟೀ ಸಿಗುತ್ತದೇನು, ಪ್ಲೀಸ್?" ಅಂದೆ.

ಹೊರಗಿನಿಂದ ಅದೇ ದನಿ, "ಮದಲ ಜಳಕಾ ಮಾಡು."

ಥೇಟ್ ನಮ್ಮ ಮದರ್ ಸುಪೀರಿಯರ್ ಧಾಟಿ. ದಡಬಡಿಸಿ ಎದ್ದೆ.

ತಣ್ಣೀರಲ್ಲೇ ಸ್ನಾನ ಮುಗಿಸಿ ಪಡಸಾಲೆಗೆ ಬಂದರೆ ಗಂಗವ್ವ ಇನ್ನೂ ಗೊರಕೆ ಹೊಡೆಯುತ್ತಿದ್ದಳು. ದೊಡ್ಡ ಬಾಗಿಲಿನ ಅಗಳಿ ಒಳಗಿನಿಂದ ಹಾಕಿದ್ದು ಹಾಗೇ ಇತ್ತು. ಆಕೆಯನ್ನು ಎಬ್ಬಿಸಿ, "ನಿಮ್ಮ ಅಜ್ಜಾರು ಭಾಳ ಸ್ಟ್ರಿಕ್ಟ್," ಎಂದು ನಡೆದದ್ದನ್ನು ಹೇಳಿದೆ.

ಗಂಗವ್ವ ನನ್ನ ಪಕ್ಕದ ಕೋಣೆಯ ಬಾಗಿಲು ತೆರೆದಳು. ಒಳಗೊಂದು ಗದ್ದುಗೆ, ಮಠದ ಹಿಂದಿನ ಸ್ವಾಮಿಗಳ ಸಮಾಧಿ. ಈ ಕಡೆ ಮಠದ ಸ್ವಾಮಿಗಳಿಗೆ ಅಜ್ಜಾರು ಅನ್ನುತ್ತಾರೆಂಬುದು ನನ್ನ ಕಾನ್ವೆಂಟ್ ಕನ್ನಡಕ್ಕೆ ಗೊತ್ತಿರಲಿಲ್ಲ. ಈ ಅಜ್ಜಾರು ಲಿಂಗೈಕ್ಯರಾದಾಗ ಗಂಗವ್ವ ಹುಟ್ಟಿರಲೇ ಇಲ್ಲ.

"ಮತ್ತೆ ಎಬ್ಬಿಸ್ತಾರೆ ಅಂದಿದ್ದು?"

"ಅದು ಅನ್ನೂ ಮಾತ್ರೀ. ಎಲ್ಲಾರಿಗೂ ಹಂಗ ಅಂತೇನಿ. ಬಸ್ ತಪ್ಪಿಸ್ಕೊಂಡು ಬಂದು ನನ್ನ ಬೈತಾರ."

ನಾನು ಅಂಜಿ ಹಿಂದೆ ಸರಿದರೆ ಆಕೆಯ ಮೋರೆ ಸಿಟ್ಟಿನಿಂದ ಕೆಂಪಾಗಿತ್ತು. "ಇಪ್ಪತ್ತ ವರ್ಷಾತು ಇಲ್ಲಿ ಕಸಾ ಹೊಡ್ಯಾಕತ್ತು. ನನಗ ಒಮ್ಮೆರ ಏಳು ಅಂದಿಲ್ಲ, ಕೂಡು ಅಂದಿಲ್ಲ. ನಿನ್ನಿ ಬಂದಾಕಿಗೆ ಜಳಕಾ ಮಾಡು ಅಂದ್ರಾ?" ದನಿ ಹೇಗಿತ್ತೆಂದು ಕೇಳಿದಳು. ಅಂದು ತೋರಿಸಿದೆ. ಇನ್ನೊಮ್ಮೆ ಅನ್ನಿಸಿದಳು, ಮತ್ತೊಮ್ಮೆ ಅನ್ನಿಸಿದಳು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಬಸ್ಸೂ ಸಿಕ್ಕಿತು, ಕೆಲಸವೂ ಸಿಕ್ಕಿತು. ಯಾರ ದನಿಯೋ ಇವತ್ತಿಗೂ ತಿಳಿಯದು. ನಾನು ಹೊಸ್ತಿಲು ದಾಟುವಾಗ ಗಂಗವ್ವ ಸೆರಗಿನಿಂದ ಮೂಗೊರೆಸಿಕೊಂಡು, "ನಿಮಗ್ಯಾಕ ಅಂದ್ರು?" ಎಂದು ಕೇಳಿದ್ದಳು.