ಬಣ್ಣದ ಮೇಸ್ತ್ರಿಯ ಬಿಳಿ ಮನೆ

ಮೂವತ್ತು ವರ್ಷ ಕಂಡವರ ಗೋಡೆಗಳಿಗೆ ಬಣ್ಣ ಬಳಿದ ಮೇಸ್ತ್ರಿ ಕೇಳದ ಮೂಢನಂಬಿಕೆಯೇ ಇರಲಿಲ್ಲ. ಬಿಳಿ ಬಳಿದರೆ ಕೋಣೆ ದೊಡ್ಡದಾಗುತ್ತದಂತೆ. ಗಾಢ ಬಣ್ಣ ಹಚ್ಚಿದರೆ ಗೋಡೆ ಮೈಮೇಲೇ ಬರುತ್ತದಂತೆ. ಸೋಫಾಗಳನ್ನೆಲ್ಲ ಗೋಡೆಗೆ ಒತ್ತರಿಸಿದರೆ ನಡುವೆ ಮೈದಾನವೇ ಸಿಗುತ್ತದಂತೆ! "ಅಮ್ಮಾ, ಹತ್ತಡಿ ಕೋಣೆಗೆ ಹಾಲೇ ಸುರಿದ್ರೂ ಅದು ಹತ್ತಡೀನೇ. ಒಳಗೆ ಯಾರು ಓಡಾಡ್ತಾರೆ, ಅದನ್ನ ಮೊದಲು ನೋಡಿ," ಎಂದು ಆತ ಹೋದ ಮನೆಯಲ್ಲೆಲ್ಲ ಭಾಷಣ ಬಿಗಿಯುತ್ತಿದ್ದ.

ಊರಿಗೆಲ್ಲ ಬುದ್ಧಿ ಹೇಳಿದ ಈ ಮಹಾಶಯ ಹೆಂಡತಿಯ ಮುಂದೆ ಮಾತ್ರ ಬಾಲ ಮುದುರಿದ. ಆಕೆ ಫೋನಿನಲ್ಲಿ ಯಾರದೋ ಮನೆಯ ವೀಡಿಯೊ ನೋಡಿ, "ನಮ್ಮದೂ ಹೀಗೇ ಬೆಳ್ಳಗಾಗ್ಬೇಕು. ಬಾಗಿಲು, ಚೌಕಟ್ಟು, ಒಂದೂ ಬಿಡಬೇಡಿ," ಎಂದಳು. ಜಗಳಕ್ಕೆ ಹೆದರಿ ಆತ ಒಂದನ್ನೂ ಬಿಡಲಿಲ್ಲ. ಬಚ್ಚಲುಮನೆಯ ನೀಲಿ ಬಾಗಿಲೂ ಗೋಡೆಯೊಳಗೆ ಮಾಯವಾಯಿತು. ಬಂದವರೆಲ್ಲ "ಆಹಾ, ಅರಮನೆ!" ಎಂದರು. ಆ ಅರಮನೆಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಿತ್ತು, ಆ ಮಾತು ಬೇರೆ.

ಮೇಸ್ತ್ರಿಯ ತಾಯಿಗೆ ಕಣ್ಣು ಮಂಜು. ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಆದರೂ ಯಾರ ಕೈಯನ್ನೂ ಹಿಡಿಯದೆ ಮನೆಯೊಳಗೆ ಓಡಾಡುವುದೇ ಮುದುಕಿಯ ಹೆಮ್ಮೆ. ಬಣ್ಣ ಒಣಗಿದ ವಾರದಲ್ಲೇ ಆಕೆ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಲೋಟ ಮುಂದಿಟ್ಟರೆ, "ಬಾಯಾರಿಲ್ಲ, ತಗೊಂಡು ಹೋಗು." ವಯಸ್ಸಾದಂತೆ ಹಟ ಜಾಸ್ತಿ ಎಂದು ಸೊಸೆ ಗೊಣಗಿದಳು.

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಸಿ ಬಂದ ಮೇಸ್ತ್ರಿ ಹೊಸ್ತಿಲಲ್ಲೇ ನಿಂತುಬಿಟ್ಟ. ತಾಯಿ ಗೋಡೆಯನ್ನು ಅಂಗೈಯಿಂದ ಸವರುತ್ತ ಅತ್ತಿಂದಿತ್ತ ಹೋಗುತ್ತಿದ್ದಳು. ಬಚ್ಚಲ ಬಾಗಿಲನ್ನು ಎರಡು ಸಲ ದಾಟಿದಳು. ಉಟ್ಟ ಬಟ್ಟೆ ಒದ್ದೆಯಾಗಿತ್ತು. ಮಗ ಚಪ್ಪಲಿಯನ್ನೂ ಕಳಚದೆ ಒಳಗೆ ಧಾವಿಸಿದ. ಥೂ, ತನ್ನ ಕಸುಬಿಗಿಷ್ಟು ಬೆಂಕಿ ಬೀಳ!

"ಯಾಕಮ್ಮ ಹೇಳಲಿಲ್ಲ?"

"ಬಂದೋರೆಲ್ಲ ಮನೆ ಎಷ್ಟು ಚೆನ್ನಾಗಿದೆ ಅಂತಿದ್ರಲ್ಲೋ. ನನಗೊಬ್ಬಳಿಗೆ ಬಾಗಿಲೇ ಸಿಗ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಆತ ಅಟ್ಟದಿಂದ ನೀಲಿ ಬಣ್ಣದ ಡಬ್ಬಿ ಇಳಿಸಿ ಬಚ್ಚಲ ಬಾಗಿಲಿಗೆ ಬಳಿಯತೊಡಗಿದ. ಅಂಗಡಿಗೆ ಹೋಗಿದ್ದ ಹೆಂಡತಿ ಒಳಗೆ ಬಂದವಳೇ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯ ಬಟ್ಟೆ ಕಣ್ಣಿಗೆ ಬಿತ್ತು. ಚೀಲವನ್ನು ಅಲ್ಲೇ ಇಟ್ಟು ಅತ್ತೆಯ ಕೈ ಹಿಡಿಯಲು ಹೋದಳು. ಮುದುಕಿ ಕೊಸರಿಕೊಂಡಳು.

"ಬೇಡ, ಬಿಡಮ್ಮ. ಬಣ್ಣ ಒಣಗೋವರೆಗೂ ಇಲ್ಲೇ ಕೂತಿರ್ತೀನಿ. ಆಮೇಲೆ ನಾನೇ ಹೋಗ್ತೀನಿ."